ಸೂರ್ಯನ ದೀಪಾವಳಿ ರಜೆ

ನನ್ನ ಬಾಯಿಗೆ ಬೀಗ ಇಲ್ಲ ಅಂತ ಅಮ್ಮ ಮೊದಲಿಂದಲೂ ಬೈಯುತ್ತಿದ್ದಳು. ಇಲ್ಲ, ನಿಜ. ಆದರೆ ನಗಿಸೋಣ ಅಂತ ಆಡಿದ ಒಂದು ಮಾತು ಗಂಡನ ಐದು ವರ್ಷದ ದುಡಿಮೆಯನ್ನು ನುಂಗಿ ನೀರು ಕುಡಿಯುತ್ತೆ ಅಂತ ಯಾರಿಗೆ ಗೊತ್ತಿತ್ತು!

ತೊಂಬತ್ತರ ದಶಕದ ಮಾತು. ನಾವಿದ್ದದ್ದು ಅಹಮದಾಬಾದಿನಲ್ಲಿ. ನನಗೆ ನವರಂಗಪುರದ ಬ್ಯಾಂಕೊಂದರಲ್ಲಿ ಕೆಲಸ, ನಮ್ಮವರಿಗೋಸ್ಕರವೇ ತುಮಕೂರಿನಿಂದ ವರ್ಗ ಮಾಡಿಸಿಕೊಂಡು ಬಂದಿದ್ದೆ. ಅವರು ಕಾಲೇಜಿನ ಕಾಯಂ ಮೇಷ್ಟರ ಕೆಲಸ ಬಿಟ್ಟು, ಮೂವತ್ತು ದಾಟಿದ ಮೇಲೆ, ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸೂರ್ಯನಿಂದ ಹೊರಡುವ ಗಾಳಿಯ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದರು. ಬರುವ ಮಾರ್ಚಿಗೆ ಫೆಲೋಶಿಪ್ ಮುಗಿಯುತ್ತಿತ್ತು. ಅಷ್ಟರೊಳಗೆ ಪ್ರಬಂಧ ಸಲ್ಲಿಸಿದರೆ ಅಲ್ಲೇ ಒಂದು ಹುದ್ದೆ ಸಿಗುವ ಭರವಸೆ ಇತ್ತು. ಸಲ್ಲಿಸದಿದ್ದರೆ ಏನು ಅಂತ ನಾವು ಮಾತಾಡುತ್ತಿರಲಿಲ್ಲ.

ಸೂರ್ಯ ಕೆರಳಿದರೆ ಅವನ ಗಾಳಿ ಬಿರುಸಾಗಿ ಬೀಸಿ ಭೂಮಿಯ ಸುತ್ತ ಇರೋ ಉಪಗ್ರಹ, ರೇಡಿಯೋ ಎಲ್ಲಕ್ಕೂ ತೊಂದರೆ ಅಂತ ಅವರು ಹೇಳಿದಾಗ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನಿ" ಅಂದಿದ್ದೆ. ಆ ಗಾಳಿ ಕಣ್ಣಿಗೆ ಕಾಣುವುದಿಲ್ಲ. ಬಲುದೂರದ ಕೆಲವು ನಕ್ಷತ್ರಗಳು ರೇಡಿಯೋ ಅಲೆ ಕಳಿಸುತ್ತವಂತೆ. ನಡುವೆ ಸೂರ್ಯನ ಗಾಳಿ ಹಾಯ್ದರೆ ಆ ಅಲೆ ನಡುಗುತ್ತೆ, ಒಲೆಯ ಝಳದಾಚೆ ಇರುವ ಪಾತ್ರೆ ನಡುಗಿದಂತೆ ಕಾಣುತ್ತಲ್ಲ, ಹಾಗೆ. ಊರಾಚೆಯ ಬಯಲಿನಲ್ಲಿ ಸಾಲುಸಾಲು ಕಂಬ ನೆಟ್ಟು ತಂತಿ ಎಳೆದಿದ್ದರು. ಮೂಲೆಯ ಪುಟ್ಟ ಕೋಣೆಯೊಳಗೆ ಕಾಗದದ ಮೇಲೆ ಒಂದು ಪೆನ್ನು ಆ ನಡುಕವನ್ನು ಬರೆಯುತ್ತಿತ್ತು.

ಹಗಲು ಹೊತ್ತು ನೆತ್ತಿಯ ಮೇಲೆ ಬರುವ ನಕ್ಷತ್ರ ಆಕಾಶದಲ್ಲಿ ಸೂರ್ಯನ ಹತ್ತಿರ ಇರುತ್ತೆ, ಅದರ ಅಲೆ ಹೆಚ್ಚು ನಡುಗಬೇಕು. ನಡುಗುತ್ತಿತ್ತು. ಪುಸ್ತಕಗಳು ಹೇಳಿದ್ದಕ್ಕಿಂತ ಬಹಳ ಹೆಚ್ಚಾಗಿಯೇ ನಡುಗುತ್ತಿತ್ತು. ಆ ಹೆಚ್ಚುವರಿ ನಡುಕವೇ ಇವರ ಶೋಧ, ಇಡೀ ಪ್ರಬಂಧ ನಿಂತಿದ್ದೇ ಅದರ ಮೇಲೆ. ಸೂರತ್ತಿನ ಹತ್ತಿರ ಇಂಥದೇ ಇನ್ನೊಂದು ಬಯಲಿತ್ತು, ಅಲ್ಲಿನದಕ್ಕೆ ಹೋಲಿಸಿ ನೋಡಬಹುದಿತ್ತು. ಆದರೆ ಅಲ್ಲಿನ ಕೇಬಲ್ಲು ಮಳೆಗೆ ನೆನೆದು ಕೆಟ್ಟು ಕೂತಿದ್ದೇ ಹೆಚ್ಚು.

ಪ್ರತಿ ದೀಪಾವಳಿಗೆ ಯಂತ್ರ ಆರಿಸಿ ತುಮಕೂರಿಗೆ ಹೋಗುತ್ತಿದ್ದೆವು. ಆ ವರ್ಷ ಪ್ರಬಂಧದ ಗಡಿಬಿಡಿ, ಹೋಗಲಿಲ್ಲ. ಬಯಲಿನ ಕೆಲಸದವರೆಲ್ಲ ರಜೆ ಹಾಕಿದ್ದರು. ಹಬ್ಬದ ದಿನ ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರಲಾ? ಡಬ್ಬಿಗೆ ಚಕ್ಕುಲಿ ತುಂಬಿಕೊಂಡು ನಾನೂ ಅವರ ಸ್ಕೂಟರ್ ಹತ್ತಿದೆ.

ಪೆನ್ನು ಮಂಕಾಗಿತ್ತು. ನಕ್ಷತ್ರ ನೆತ್ತಿಗೆ ಬಂದಾಗ ಪುಸ್ತಕದಲ್ಲಿ ಬರೆದಷ್ಟೇ ನಡುಗಿತು, ಅದಕ್ಕಿಂತ ಕೂದಲೆಳೆ ಹೆಚ್ಚಿಲ್ಲ. ಮಾರನೆಯ ದಿನವೂ ಅಷ್ಟೇ. ಅದರ ಮಾರನೆಯ ದಿನವೂ ಅಷ್ಟೇ. ಅವರು ತಂತಿಗಳನ್ನೆಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ ಬಂದರು.

"ಸೂರ್ಯ ಇದ್ದಕ್ಕಿದ್ದ ಹಾಗೆ ಇಷ್ಟು ತಣ್ಣಗಾಗೋಕೆ ಸಾಧ್ಯನೇ ಇಲ್ಲ ಕಣೇ."

ಮುಖ ಸಣ್ಣದು ಮಾಡಿಕೊಂಡಿದ್ದರು, ನೋಡಲಾಗಲಿಲ್ಲ. ಚಕ್ಕುಲಿ ಮುಂದಿಟ್ಟು ನಗುತ್ತಾ ಅಂದೆ, "ಈ ಊರಿನಲ್ಲಿ ಹಬ್ಬ ಆಗಿ ಐದನೇ ದಿನ, ಲಾಭ ಪಂಚಮಿವರೆಗೂ ಯಾರು ತಾನೇ ಅಂಗಡಿ ತೆಗೀತಾರ್ರೀ? ನಿಮ್ಮ ಸೂರ್ಯನೂ ಗುಜರಾತಿನವನೇ ಆಗಿರಬೇಕು. ಪೂಜೆ ಮಾಡಿಯೇ ಬಾಗಿಲು ತೆಗೀತಾನೆ, ಸುಮ್ನಿರಿ."

ಅವರು ನಗಲಿಲ್ಲ. ಕಿಟಕಿಯಾಚೆ ನೋಡಿದರು. ಕಾಂಪೌಂಡಿನ ಪಕ್ಕದಲ್ಲಿ ಒಂದು ಶೆಡ್ಡಿತ್ತು, ಪಾಸ್‌ಬುಕ್ಕಿಗೆ ಹಾಕುವ ಪ್ಲಾಸ್ಟಿಕ್ ಕವರು ಮಾಡುವವನದು. ಕವರಿನ ಅಂಚು ಬೆಸೆಯುವ ಅವನ ಮೆಷಿನ್ನು ವಾರದ ರಜೆಯೂ ಇಲ್ಲದೆ ಹಗಲೆಲ್ಲ ಓಡುತ್ತಿತ್ತು. ಅದಕ್ಕೆ ಕಿಡಿಯಿಲ್ಲ, ಸದ್ದಿಲ್ಲ, ಅದಕ್ಕೇ ಯಾರಿಗೂ ಅದರ ಮೇಲೆ ಅನುಮಾನ ಬಂದಿರಲಿಲ್ಲ. ಅದು ಓಡುವುದು ರೇಡಿಯೋ ಅಲೆಯ ಬಿಸಿಯಿಂದ, ಆ ಅಲೆ ನಮ್ಮ ತಂತಿಗೂ ತಾಗುತ್ತೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಹಬ್ಬದಿಂದ ಶೆಡ್ಡಿನ ಬಾಗಿಲಿಗೂ ಬೀಗ ಬಿದ್ದಿತ್ತು. ಅವರ ಮುಖದ ಬಣ್ಣವೇ ಹೋಯಿತು.

"ತಮಾಷೆಗಂದೆ ಕಣ್ರೀ."

"ಗೊತ್ತು," ಅಂದರು.

ಲಾಭ ಪಂಚಮಿಯ ಬೆಳಿಗ್ಗೆ ಅವರು ಪೆನ್ನಿನ ಮುಂದೆ ಕೂತರು. ನನ್ನನ್ನು ಶೆಡ್ಡಿನ ಬಾಗಿಲಿಗೆ ಕಳಿಸಿದರು. ಮೆಷಿನ್ ಶುರುವಾದ ಕೂಡಲೆ ಕಿಟಕಿಗೆ ಕಾಣುವ ಹಾಗೆ ಕೈ ಎತ್ತಬೇಕು, ಅಷ್ಟೇ ನನ್ನ ಕೆಲಸ. ಶೆಡ್ಡಿನ ಯಜಮಾನ ಒಳ್ಳೆಯ ಮನುಷ್ಯ. "ಸಾಲ್ ಮುಬಾರಕ್ ಬೆಹೆನ್!" ಅಂತ ಹೊಸ ವರ್ಷದ ಶುಭಾಶಯ ಹೇಳಿ ಬಾಗಿಲಲ್ಲೇ ನಿಲ್ಲಿಸಿಕೊಂಡ. ಮೆಷಿನ್ನಿಗೆ ಕುಂಕುಮದಲ್ಲಿ ಸ್ವಸ್ತಿಕ ಬರೆದ, ಕಾಯಿ ಒಡೆದ, ಕೈಗೆ ಪೇಡೆ ಇಟ್ಟ. ಅಯ್ಯೋ ಶಿವನೇ, ಇವನ ಮೆಷಿನ್ ಕೆಟ್ಟುಹೋಗಬಾರದಾ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಆ ದಿನ ಹಾಗೆ ಬೇಡಿಕೊಂಡವಳು ಇಡೀ ಗುಜರಾತಿನಲ್ಲಿ ನಾನೊಬ್ಬಳೇ ಇರಬೇಕು. ಸ್ವಿಚ್ ಹಾಕಿದ, ಕೆಂಪು ದೀಪ ಹತ್ತಿತು. ಕೈ ಎತ್ತದೇ ಇದ್ದುಬಿಡಲಾ ಅಂತಲೂ ಅನ್ನಿಸಿತು. ಎತ್ತಿದೆ.

ಕೋಣೆಗೆ ಹೋದಾಗ ಪೆನ್ನು ಐದು ವರ್ಷ ನಡುಗಿದ ಹಾಗೆಯೇ ನಡುಗುತ್ತಿತ್ತು. ಅವರು ಅದನ್ನೇ ನೋಡುತ್ತಾ ಕೂತಿದ್ದರು. ಪೇಡೆ ಕೊಟ್ಟೆ. ತಿಂದರು, ಪಾಪ.

ಆ ವಾರ ಸೂರತ್ತಿನ ಯಂತ್ರ ನಡೆಯುತ್ತಿತ್ತು. ರೈಲು ಹತ್ತಿ ಹೋಗಿ ನೋಡಿಕೊಂಡು ಬಂದರು. ಅಲ್ಲಿ ಹೆಚ್ಚುವರಿ ನಡುಕ ಇರಲಿಲ್ಲ. ಬಂದವರು ಬೂಟು ಬಿಚ್ಚುವ ಮೊದಲೇ ನಾನು ಶುರು ಮಾಡಿದೆ.

"ನೋಡಿ, ಇದು ಗೊತ್ತಿರೋದು ನನಗೆ, ನಿಮಗೆ. ಮೊದಲು ಪ್ರಬಂಧ ಕೊಟ್ಟುಬಿಡಿ. ಕೆಲಸ ಸಿಗಲಿ. ಆಮೇಲೆ ಬೇಕಾದ್ರೆ ಹೊಸದಾಗಿ ಕಂಡುಹಿಡಿದ ಹಾಗೆ ಬರೀರಿ."

"ಅದು ಸುಳ್ಳಾಗುತ್ತೆ."

"ಆಗಲಿ! ಕೈಗೆ ಬಂದ ತುತ್ತು ಬಾಯಿಗೆ ಬರೋ ಹೊತ್ತಲ್ಲಿ ನಿಮ್ಮ ಹರಿಶ್ಚಂದ್ರತನ ಯಾರಿಗೆ ಬೇಕು? ನನ್ನ ಐದು ವರ್ಷಕ್ಕೆ ಲೆಕ್ಕ ಇಲ್ಲವಾ?"

ಅದೇ ಮೊದಲ ಸಲ ಅವರು ನನ್ನ ಮೇಲೆ ದನಿ ಏರಿಸಿದ್ದು. "ಯಾರೋ ನಾಳೆ ಇದನ್ನು ನಂಬಿ ಲೆಕ್ಕ ಹಾಕ್ತಾರೆ ಕಣೇ! ಅವರಿಗೆ ಏನಂತ ಹೇಳಲಿ?" ಅಂದವರು ಊಟ ಬೇಡ ಅಂತ ಎದ್ದು ಹೋದರು. ನಾನು ಅವತ್ತು ಹೇಳಿದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ. ಸಂಸಾರ ಅಂದಮೇಲೆ ಯಾರಾದರೂ ಒಬ್ಬರು ಹಾಗೆ ಹೇಳಲೇಬೇಕು.

ಪ್ರಬಂಧ ಸಲ್ಲಿಸುವ ಮುಂಚೆ ಸಂಸ್ಥೆಯ ಎಲ್ಲರೆದುರು ಒಂದು ಸಲ ಮಾತಾಡಬೇಕಿತ್ತು, ಅದರ ದಿನ ಮೊದಲೇ ಗೊತ್ತಾಗಿತ್ತು. ಅರ್ಧ ದಿನ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕೊನೆ ಗಳಿಗೆಯಲ್ಲಾದರೂ ಬುದ್ಧಿ ಬರುತ್ತೇನೋ ಅನ್ನೋ ಆಸೆ. ಅವರು ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಕೊನೆಗೆ ಮೂರು ಚಿತ್ರ ಅಕ್ಕಪಕ್ಕ ಇಟ್ಟರು: ಹಬ್ಬದ ಮುಂಚಿನದು, ಹಬ್ಬದ ದಿನಗಳದು, ಲಾಭ ಪಂಚಮಿಯದು.

"ನಾನು ಐದು ವರ್ಷ ಅಳೆದದ್ದು ಸೂರ್ಯನನ್ನಲ್ಲ, ಪಕ್ಕದ ಶೆಡ್ಡನ್ನು," ಅಂದರು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವರೂ ನಕ್ಕರು.

"ಇದನ್ನು ಕಂಡುಹಿಡಿದದ್ದು ನಾನಲ್ಲ, ನನ್ನ ಹೆಂಡತಿ. ಅವಳು ಹೇಳಿರದಿದ್ದರೆ ನಾನು ತಪ್ಪನ್ನೇ ಅಚ್ಚು ಹಾಕಿಸುತ್ತಿದ್ದೆ. ಅಲ್ಲಿ ಕೂತಿದ್ದಾಳೆ," ಅಂತ ನನ್ನ ಕಡೆ ಕೈ ತೋರಿಸಿದರು.

ಕುರ್ಚಿಗಳೆಲ್ಲ ಕಿರುಗುಟ್ಟಿದವು. ಎಲ್ಲರೂ ತಿರುಗಿ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಎದ್ದು ನಿಲ್ಲಿ ಅಂದರು, ನಿಂತೆ. ನಮಸ್ಕಾರ ಮಾಡಿದೆ. ವೇದಿಕೆಯ ಮೇಲೆ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವರು ಅವರೇ.