ಪವರ್‌ಹೌಸ್ ಮಾಮ ನೋಡಿದ ಕಾಲೇಜು

ಮೊನ್ನೆ ಅಟ್ಟದ ಮೇಲಿನ ಹಳೆಯ ಟ್ರಂಕನ್ನು ಕೆಳಗಿಳಿಸಿ ಮುಚ್ಚಳ ತೆಗೆದೆ, ಗ್ರೀಸಿನ ವಾಸನೆ ಬಂತು. ಬನಿಯನ್ ಚೂರಿನಲ್ಲಿ ಸುತ್ತಿಟ್ಟಿದ್ದ ಉದ್ದನೆಯ ಸ್ಕ್ರೂಡ್ರೈವರ್. ಮರದ ಹಿಡಿಯ ತುದಿಯ ತುಂಬ ಹಲ್ಲಿನ ಗುರುತು. ಒಂದೆರಡು ನನ್ನವು. ಉಳಿದವೆಲ್ಲ ಪಕ್ಕದ ಮನೆಯ ಪವರ್‌ಹೌಸ್ ಮಾಮನವು...

ನಂಜನಾಡಿನ ಹತ್ತಿರದ ಬೆಟ್ಟದೂರು ನಮ್ಮ ಹಟ್ಟಿ. ಮಾಮ ಅವಲಾಂಚ್ ಕಡೆಯ ಪವರ್‌ಹೌಸಿನಲ್ಲಿ ದುಡಿದು ರಿಟೈರ್ ಆಗಿದ್ದರು. ಕ್ಯಾರೆಟ್ ಹೊಲದ ಪಂಪು ಕೆಟ್ಟರೆ ಎಲ್ಲರೂ ಅವರನ್ನೇ ಕರೆಯುತ್ತಿದ್ದರು. ಅವರು ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಪಂಪಿಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

“ಮಾಮನಿಗೆ ಮನೇಲಿ ಊಟ ಹಾಕಿಲ್ಲ, ಕಬ್ಬಿಣ ತಿಂತಾರೆ” ಎಂದು ಕಳೆ ಕೀಳುವ ಹೆಂಗಸರು ನಗುತ್ತಿದ್ದರು. ಮಾಮ ತಿರುಗಿಯೂ ನೋಡುತ್ತಿರಲಿಲ್ಲ. “ಬೇರಿಂಗ್ ಹೋಗಿದೆ” ಎಂದಷ್ಟೇ ಹೇಳುತ್ತಿದ್ದರು. ಬಿಚ್ಚಿದರೆ ಬೇರಿಂಗೇ ಹೋಗಿರುತ್ತಿತ್ತು. ಬಾಲದಂತೆ ಹಿಂದೆ ಅಲೆಯುತ್ತಿದ್ದ ನಾನೂ ಕಚ್ಚಿ ಕೇಳುವುದನ್ನು ಕಲಿತೆ.

ಪ್ಲಸ್ ಟೂನಲ್ಲಿ ನನಗೆ ಒಳ್ಳೆಯ ಮಾರ್ಕು ಬಂತು. ಕೋಯಮತ್ತೂರು ಕಡೆಯ ಹೆಸರುವಾಸಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಗುವಷ್ಟು. ಅಪ್ಪ ಆಗಲೇ ಇಡೀ ಹಟ್ಟಿಗೆ ಸಾರಿಬಿಟ್ಟಿದ್ದರು. ನನ್ನ ಟೀಚರು ಮಾತ್ರ, “ಇನ್ನೊಂದು ಚಿಕ್ಕ ಕಾಲೇಜಿದೆ, ಅದನ್ನೂ ನೋಡಿ” ಎಂದಿದ್ದರು. ನನಗೋ ಯಾವುದು ಬೇಕೆಂದೇ ತಿಳಿಯದು. ಬಿಚ್ಚುವುದು, ಜೋಡಿಸುವುದು ಇಷ್ಟ ಎನ್ನುವುದಷ್ಟೇ ಗೊತ್ತು. ಸೋಮವಾರದೊಳಗೆ ಒಂದನ್ನು ಆರಿಸಬೇಕಿತ್ತು. ಆಯ್ಕೆ ತಪ್ಪಾದರೆ ನಾಲ್ಕು ವರ್ಷ ಮಣ್ಣುಪಾಲು. “ಮಿಷಿನ್ ಕಂಡೋನು ನೀನು, ಜೊತೆಗೆ ಬಾ” ಎಂದು ಅಪ್ಪ ಮಾಮನನ್ನೂ ಬಸ್ಸು ಹತ್ತಿಸಿದರು.

ದೊಡ್ಡ ಕಾಲೇಜಿನ ಗೇಟಿನಲ್ಲಿ ಕಾವಲಿನವನು ಮಾಮನ ಚೀಲದಲ್ಲಿದ್ದ ಸ್ಕ್ರೂಡ್ರೈವರ್ ಹಿಡಿದು, “ಏನಿದು?” ಎಂದು ಅಡ್ಡ ನಿಂತ. “ಡಾಕ್ಟರು ಕೊರಳಿಗೆ ಹಾಕ್ಕೊಳ್ಳಲ್ವಾ, ಅದೇ ಇದು” ಎಂದರು ಮಾಮ. ಒಳಗೆ ಗಾಜಿನ ಕಟ್ಟಡ, ತಣ್ಣನೆಯ ಸಭಾಂಗಣ. ದೀಪ ಆರಿಸಿ, ಪರದೆಯ ಕಡೆ ತಿರುಗಿಕೊಂಡು ಪ್ರಿನ್ಸಿಪಾಲರು ಒಂದು ಗಂಟೆ ಮಾತಾಡಿದರು. ಕಂಪನಿಗಳು, ಸಂಬಳಗಳು... ಅಪ್ಪ ಬಾಯಿ ಬಿಟ್ಟುಕೊಂಡು ಕೇಳಿದರು, ನಾನೂ ಕೇಳಿದೆ. ಮಾಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತಿದ್ದರು.

ಆಮೇಲೆ ಲ್ಯಾಬು. ಮೋಟಾರುಗಳಿಗೆಲ್ಲ ಪ್ಲಾಸ್ಟಿಕ್ ಹೊದಿಕೆ. ಮಾಮ ಒಂದನ್ನು ಸರಿಸಿ ಸ್ಕ್ರೂಗಳ ಮೇಲೆ ಹೆಬ್ಬೆರಳಾಡಿಸಿದರು. “ನೋಡು ಕೂಸೇ, ಕಂಪನಿಯವನು ಬಳಿದ ಬಣ್ಣ ಹಂಗೇ ಇದೆ. ಇದನ್ನು ಯಾರೂ ಬಿಚ್ಚಿಲ್ಲ.”

ಅಲ್ಲಿಂದ ಹೋದ ಚಿಕ್ಕ ಕಾಲೇಜಿನ ವರ್ಕ್‌ಶಾಪಿಗೆ ತಗಡಿನ ಮಾಡು. ಅಲ್ಲಿಯ ಸ್ಕ್ರೂಗಳ ತಲೆ ಸವೆದು ನುಣ್ಣಗಾಗಿತ್ತು. ಮೂಲೆಯಲ್ಲಿ ಪಂಪೊಂದು ಕಿರುಗುಟ್ಟುತ್ತಿತ್ತು. ಮಾಮ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟರು. ನಾಚಿಕೆಯಿಂದ ಸಾಯುವಂತಾದರೂ ಕಚ್ಚಿದೆ. “ಹಿಂದಿನ ಬೇರಿಂಗ್” ಎಂದೆ. ಅಲ್ಲಿದ್ದ ಮುದಿ ಮೇಸ್ತ್ರಿ ನಗಲಿಲ್ಲ. ಸ್ವಿಚ್ಚು ಆರಿಸಿ, ಸ್ಪ್ಯಾನರ್ ಕೊಟ್ಟು, “ಹಾಗಾದ್ರೆ ಬಿಚ್ಚು” ಎಂದರು.

ಬಿಚ್ಚುವಷ್ಟರಲ್ಲಿ ನಮ್ಮ ಬಸ್ಸು ತಪ್ಪಿತು.

ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನದು ಒಂದೇ ರಾಗ. “ಆ ತಗಡಿನ ಶೆಡ್ಡಾ? ಹಟ್ಟಿಯವರು ಕೇಳಿದ್ರೆ ಏನು ಹೇಳಲಿ?”

ಮಾಮ ಅಪ್ಪನ ಮುಖವನ್ನೇ ನೋಡುತ್ತ ಹೇಳಿದರು: “ಗಾಜಿನ ಕಾಲೇಜಲ್ಲಿ ನಿನ್ನ ಕೂಸಿಗೆ ಗಾಜು ಒರೆಸೋದು ಕಲಿಸ್ತಾರೆ. ಆ ಶೆಡ್ಡಲ್ಲಿ ಅರ್ಧ ಗಂಟೆಗೆ ಅವಳ ಕೈ ಕಪ್ಪಾಯ್ತು. ಅದನ್ನು ನೋಡಲಿಲ್ವಾ ನೀನು?” ಅಪ್ಪ ನನ್ನ ಕೈ ನೋಡಿದರು. ಸೋಮವಾರ ಚಿಕ್ಕ ಕಾಲೇಜಿನ ಹೆಸರನ್ನು ಅವರೇ ಬರೆಸಿದರು.

ಹೊರಡುವ ದಿನ ಮಾಮನ ಮುಂದೆ ತಲೆ ಬಾಗಿದೆ. ತಲೆ ಮೇಲೆ ಕೈಯಿಟ್ಟು, “ಬದುಕಿ ಬಾ. ಒಂದು ಒಂಬತ್ತಾಗಲಿ” ಎಂದು ನಮ್ಮ ಹಟ್ಟಿಯ ಹಿರಿಯರ ಮಾತಿನಲ್ಲೇ ಹರಸಿ ಸ್ಕ್ರೂಡ್ರೈವರ್ ಕೊಟ್ಟರು. ಅವರು ಮನೆಯತ್ತ ತಿರುಗಿದ ಮೇಲೆ ಹಿಂದಿನಿಂದ, “ಮಾಮಾ, ನಿಮಗೆ ಬೇಡವಾ ಇದು?” ಎಂದು ಕೂಗಿದೆ. ಅವರು ನಿಲ್ಲಲಿಲ್ಲ. ಬಿಂಕ ಎಂದುಕೊಂಡೆ.

ಎರಡನೇ ವರ್ಷದ ಪಾಠವೊಂದರಲ್ಲಿ, ಕಿವಿಯ ಪರದೆ ಹೋದವರಿಗೂ ಹಲ್ಲು, ಎಲುಬಿನ ಮೂಲಕ ಸದ್ದು ಕೇಳಿಸುತ್ತದೆ ಎಂದು ಹೇಳಿದರು. ಬರೆಯುತ್ತಿದ್ದ ಪೆನ್ನು ನಿಂತಿತು. ತಿರುಗಿ ನೋಡದ ಮಾಮ, ಮಾತಾಡುವವರ ಮುಖವನ್ನೇ ನೋಡುವ ಮಾಮ...

ರಜೆಯಲ್ಲಿ ಕೇಳಬೇಕೆಂದುಕೊಂಡಿದ್ದೆ. ರಜೆಗೆ ಮೊದಲೇ ಮಾಮ ತೀರಿಹೋದ ಸುದ್ದಿ ಬಂತು. ಹಟ್ಟಿಗೆ ಹೋದಾಗ ಅವರ ಹೆಂಡತಿ ಮಾಮಿ ಅಂಗಳದಲ್ಲಿ ಕೂತು ಹೇಳಿದರು: “ಚಿಕ್ಕಂದಿನಲ್ಲೇ ಕಿವಿ ಸೋರಿ ಹೋಗಿತ್ತು ಕೂಸೇ. ಗೊತ್ತಾದ್ರೆ ಮಿಷಿನ್ ಹತ್ರ ಬಿಡಲ್ಲ ಅಂತ ಯಾರಿಗೂ ಹೇಳಲಿಲ್ಲ. ಆಮೇಲೆ ಅದೇ ಅಭ್ಯಾಸವಾಯ್ತು.”

ಅಂದರೆ ಕತ್ತಲ ಸಭಾಂಗಣದಲ್ಲಿ ಪ್ರಿನ್ಸಿಪಾಲರು ಆಡಿದ ಒಂದು ಮಾತೂ ಮಾಮನಿಗೆ ಕೇಳಿಸಿರಲಿಲ್ಲ. ಕೇಳಿಸಿಕೊಂಡ ನಾವಿಬ್ಬರೂ ಮರುಳಾಗಿದ್ದೆವು.

ಈಗ ಟೀ ಫ್ಯಾಕ್ಟರಿಗಳ ಯಂತ್ರ ನೋಡಿಕೊಳ್ಳುವುದೇ ನನ್ನ ಕೆಲಸ. ಕಂಪನ ಅಳೆಯಲು ಬ್ಯಾಗಿನಲ್ಲಿ ಒಳ್ಳೆಯ ಉಪಕರಣವಿದೆ. ಆದರೂ ಮೊನ್ನೆ ಸ್ಕ್ರೂಡ್ರೈವರನ್ನು ಅಡುಗೆಮನೆಯ ಫ್ರಿಜ್ಜಿಗೆ ಒತ್ತಿ, ಅವರ ಹಲ್ಲಿನ ಗುರುತಿನ ಮೇಲೆಯೇ ಕಚ್ಚಿದೆ. ತಲೆಯ ತುಂಬ ಸದ್ದು. ಎಲ್ಲ ಸರಿಯಾಗಿದೆ ಮಾಮಾ ಎಂದು ಹೇಳೋಣವೆಂದರೆ, ಎದುರು ನಿಂತು ನನ್ನ ತುಟಿ ನೋಡುವವರಿಲ್ಲ...