ಜೋಡಿ ಬಾಳೆಹಣ್ಣು

ಕಲೆ ಬಿದ್ದ ಬಾಳೆಹಣ್ಣನ್ನು ಸ್ಟೀಲ್ ಬಟ್ಟಲಲ್ಲಿ ಚಮಚದಿಂದ ಹಿಸುಕಿದಾಗ ಒಂದು ವಾಸನೆ ಏಳುತ್ತದೆ. ಮೊನ್ನೆ ಅದು ಮೂಗಿಗೆ ಬಡಿಯಿತು. ಕುರೆಕುಪ್ಪದ ಅಂಗನವಾಡಿಯಲ್ಲಿ ನಾನು ಟೀಚರ್. ಆರು ತಿಂಗಳು ತುಂಬಿದ ಕೂಸಿಗೆ ಮೊದಲ ತುತ್ತು ಹೇಗೆ ಕೊಡಬೇಕೆಂದು ತಾಯಂದಿರಿಗೆ ಮಾಡಿ ತೋರಿಸುತ್ತಿದ್ದೆ. ಎಷ್ಟೋ ಸಲ ಮಾಡಿದ ಕೆಲಸ. ಆದರೂ ಅವತ್ತು ನಮ್ಮ ಎದುರುಮನೆ ದೊಡ್ಡವ್ವ ನೆನಪಾದಳು...

ಗಣಿ ಜೋರಾಗಿದ್ದ ವರ್ಷಗಳವು. ಹೊಸಪೇಟೆಯಲ್ಲಿ ನಮ್ಮ ಓಣಿಯಾಚೆಗಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಕಿಟಕಿ, ಪಾತ್ರೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕೆಂಪು ಧೂಳು. ನನ್ನ ಗಂಡ ಅಂಥದೇ ಒಂದು ಲಾರಿ ಓಡಿಸುತ್ತಿದ್ದ. ಸಂಡೂರಿನ ಇಳಿಜಾರಿನಲ್ಲಿ ಲಾರಿ ಮಗುಚಿ ತೀರಿಕೊಂಡ. ಆಗ ನಾನು ಏಳು ತಿಂಗಳ ಬಸುರಿ. ತವರಿನಲ್ಲಿ ಉಳಿದಿದ್ದವನು ಅಣ್ಣ ಒಬ್ಬನೇ. ಆ ಓಣಿಯಲ್ಲಿದ್ದ ಅವನ ಮನೆಯಲ್ಲೇ ಬಾಣಂತನವಾಯಿತು. ಅವನು ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು, ಮಗಳು, ಇಬ್ಬರೇ.

ಗೋಳಾಡಿದೆ ಎಂದು ಬರೆದರೆ ಸುಳ್ಳಾದೀತು. ನನಗೆ ಏನೂ ಅನಿಸುತ್ತಿರಲಿಲ್ಲ. ಕೂಸು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಸುಮ್ಮನಾದರೆ ಇಳಿಸುತ್ತಿದ್ದೆ. ಅಣ್ಣನಿಗೆ ಬುತ್ತಿ ಕಟ್ಟಿ, ನಾನು ಉಣ್ಣುವುದನ್ನೇ ಮರೆಯುತ್ತಿದ್ದೆ. ಹಾಲು ಬತ್ತುತ್ತಾ ಬಂತು. ಆರು ತಿಂಗಳು ತುಂಬಿದಾಗ ನರ್ಸಮ್ಮ ಕೂಸನ್ನು ತೂಗಿ, “ಏನವ್ವ, ಹಕ್ಕಿಮರಿ ಆಗೇತಲ್ಲ ಇದು! ಹಣ್ಣು ಹಿಸುಕಿ ತಿನಸಾಕ ಶುರು ಮಾಡು. ನೀನೂ ಉಣ್ಣು. ಹಿಂಗ ಆದ್ರ ಕೂಸು ಉಳಿಯೋದು ಕಷ್ಟ ಐತಿ” ಎಂದರು. ಹೂಂ ಎಂದೆ. ಬೇರೆ ಯಾರದೋ ಕೂಸಿನ ಮಾತು ಕೇಳಿದಂತಿತ್ತು.

ಮಾರನೆಯ ದಿನ ದೊಡ್ಡವ್ವ ಬಂದಳು. ನರ್ಸಮ್ಮನ ಮಾತು ಆಕೆಯ ಕಿವಿಗೆ ಹೇಗೆ ಬಿತ್ತೋ... ನಮ್ಮ ಓಣಿಯಲ್ಲಿ ಗೋಡೆಗೂ ಕಿವಿಯಿತ್ತು. ಆಕೆಯ ತಮ್ಮನ ತೋಟ ಹಂಪಿಯ ಕಡೆ ಇತ್ತು, ಆಗಾಗ ಒಂದು ಗೊನೆ ಬರುತ್ತಿತ್ತು. ಚಿಪ್ಪಿನಿಂದ ಎರಡು ಸುಗಂಧಿ ಬಾಳೆಹಣ್ಣು ಮುರಿದಳು. ಬಟ್ಟಲು, ಚಮಚ ಕುದಿಯುವ ನೀರಿಗೆ ಹಾಕಿಸಿದಳು. “ಗುಡ್ಡದ ಮಣ್ಣು ಕೂಸಿನ ಹೊಟ್ಟಿಗ್ಯಾಕ?” ಎಂದು ಗದರಿದಳು. ಮಿಕ್ಸರ್ ಮುಟ್ಟಗೊಡಲಿಲ್ಲ. ಹಣ್ಣಿನ ನಡುವಿನ ಕರಿ ಎಳೆ ತೆಗೆದು, ಚಮಚದ ಬೆನ್ನಿನಿಂದ ಒತ್ತಿ ಒತ್ತಿ, ಎದೆಹಾಲು ನಾಲ್ಕು ಹನಿ ಬೆರೆಸಿ ತೆಳ್ಳಗೆ ಮಾಡಿದಳು. ಕೂಸು ಎರಡು ಚಮಚ ಚಪ್ಪರಿಸಿ ಮುಖ ತಿರುಗಿಸಿತು.

ಬಟ್ಟಲ ತುಂಬ ಹಣ್ಣು ಹಾಗೇ ಉಳಿದಿತ್ತು. ದೊಡ್ಡವ್ವ ಅದನ್ನು ನನ್ನ ಕೈಗಿಟ್ಟಳು.

“ನನಗ ಬ್ಯಾಡ ದೊಡ್ಡವ್ವ.”

“ನಿನಗ ಅಂತ ಯಾರು ಕೊಟ್ಟಾರ? ಶಾಸ್ತ್ರ ಇದು. ಕೂಸಿಗೆ ಒಂಟಿ ಹಣ್ಣು ಹಿಸುಕಬಾರದು, ಜೋಡಿನ ಹಿಸುಕಬೇಕು. ಉಳಿದಿದ್ದು ಹೆತ್ತಾಕಿನ ತಿನ್ನಬೇಕು. ಚೆಲ್ಲಿದ್ರ ಕೂಸಿಗೆ ಅನ್ನ ದಕ್ಕಂಗಿಲ್ಲ. ನುಂಗು.”

ನುಂಗಿದೆ. ಶಾಸ್ತ್ರ ಎಂದ ಮೇಲೆ ಎದುರಾಡುವಷ್ಟು ಜೀವ ನನ್ನಲ್ಲಿರಲಿಲ್ಲ. ದಿನಾ ಎರಡು ಹೊತ್ತು ಇದೇ ನಡೆಯಿತು. ಸಪೋಟ ಬಂತು, ಪಪಾಯಿ ಬಂತು. ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ ಸೇಬೂ ಜೋಡಿಯೇ. ಬಟ್ಟಲು ಬರಿದಾಗುವವರೆಗೆ ಆಕೆ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ತಿಂಗಳೆರಡು ಕಳೆಯುವುದರಲ್ಲಿ ಹಾಲು ಮತ್ತೆ ತುಂಬಿ ಬಂತು, ಮಗಳ ತೊಡೆಯಲ್ಲಿ ಮಡಿಕೆ ಬಿದ್ದವು. ಒಂದು ದಿನ ದೊಡ್ಡವ್ವ ಬರುವುದು ತಡವಾದಾಗ ನನಗೆ ಹಸಿವಾಯಿತು. ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೆ. ಅವತ್ತು ಮೊದಲ ಸಲ ಅತ್ತೆ.

ಆಮೇಲೆ ಈ ಕೆಲಸ ಸಿಕ್ಕಿತು, ಕುರೆಕುಪ್ಪಕ್ಕೆ ಬಂದೆ. ಮಗಳು ಈಗ ಬಳ್ಳಾರಿಯಲ್ಲಿ ಕಾಲೇಜು ಓದುತ್ತಾಳೆ, ಬಾಳೆಹಣ್ಣು ಕಂಡರೆ ಆಗದು.

ಮೊನ್ನೆ ತಾಯಂದಿರಿಗೆ ಆ ಶಾಸ್ತ್ರವನ್ನೂ ಹೇಳಿದೆ. ಮೊಮ್ಮಗನನ್ನು ಎತ್ತಿಕೊಂಡು ಬಂದಿದ್ದ ಮುದುಕಿಯೊಬ್ಬಳು ಬೊಚ್ಚುಬಾಯಿ ತೆರೆದು ನಕ್ಕಳು. “ಇದ್ಯಾವ ಶಾಸ್ತ್ರರೀ ಟೀಚರ್? ತಾಂಬೂಲಕ್ಕ ಜೋಡಿ ಹಣ್ಣು ಇಡೋದು ಗೊತ್ತು. ಕೂಸಿಗೆ ಎರಡು ಹಣ್ಣು ಹಿಸುಕಿದ್ರ ಅದು ಎಷ್ಟು ತಿಂತೈತಿ? ತಾಯಿ ಹೊಟ್ಟಿ ತುಂಬತೈತಿ ಅಷ್ಟ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಗೊತ್ತಾಯಿತು... ಆ ಶಾಸ್ತ್ರ ಯಾರ ಮನೆಯದೂ ಅಲ್ಲ. ಉಣ್ಣು ಎಂದರೆ ನಾನು ಉಣ್ಣುವವಳಲ್ಲವೆಂದು ದೊಡ್ಡವ್ವ ನನಗಾಗಿ ಅದನ್ನು ಕಟ್ಟಿದ್ದಳು. ಇಷ್ಟು ವರ್ಷ ಬೇಕಾಯಿತು ನನಗೆ ಅದು ತಿಳಿಯಲು.

ಆಕೆ ತೀರಿಕೊಂಡು ಮೂರು ವರ್ಷವಾಯಿತು. ಹೊಸಪೇಟೆ ಇಲ್ಲಿಂದ ಒಂದು ಬಸ್ಸಿನ ದಾರಿ. ಕೊನೆಯ ದಿನಗಳಲ್ಲಿ ಅಣ್ಣ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: “ದೊಡ್ಡವ್ವ ಊಟ ಬಿಟ್ಟಾಳ, ಯಾರು ಹೇಳಿದ್ರೂ ಬಾಯಿ ತೆರಿಯವಲ್ಲಳು. ಒಮ್ಮೆ ಬಂದು ಹೋಗು.” ಹೂಂ, ಬರ್ತೀನಿ ಅನ್ನುತ್ತಿದ್ದೆ. ಹೋಗಲಿಲ್ಲ.