ಲ್ಯಾಬಿಗೆ ಬಂದ ಕಾಲುಂಗುರ

ಆಪರೇಷನ್‌ನಲ್ಲಿ ತೆಗೆದ ಅಂಗಗಳನ್ನು ಅಳೆದು, ಕತ್ತರಿಸಿ, ಕಂಡದ್ದನ್ನೆಲ್ಲ ವರದಿಗಾಗಿ ಮೈಕಿಗೆ ಹೇಳುವುದು ನಾನು ಪರದೇಶದ ಆಸ್ಪತ್ರೆಯೊಂದರಲ್ಲಿ ಕಲಿಯುತ್ತಿದ್ದ ಕೆಲಸ. ಒಂದು ಶುಕ್ರವಾರ ಸಂಜೆ ಲ್ಯಾಬಿಗೆ ಸಕ್ಕರೆ ಕಾಯಿಲೆಯಿಂದ ಕಪ್ಪಗಾದ ಒಬ್ಬ ಹೆಂಗಸಿನ ಕಾಲು ಬಂತು. ಊದಿದ ಎರಡನೇ ಬೆರಳಲ್ಲಿ ಬೆಳ್ಳಿ ಕಾಲುಂಗುರ ಹೂತುಹೋಗಿತ್ತು.

ನನಗೆ ಕಲಿಸುತ್ತಿದ್ದ ಫಿಲಿಪೀನ್ಸಿನ ಮರಿಸೋಲ್ ಕೇಳಿದರು, "ಇದಕ್ಕೆ ನಿಮ್ಮಲ್ಲಿ ಏನಾದರೂ ಅರ್ಥ ಇದೆಯಾ?"

ಇದೆ ಅಂದರೆ ಅದನ್ನು ಬಿಡಿಸಬೇಕು, ವಾರ್ಡಿಗೆ ಒಯ್ಯಬೇಕು, ಮನೆಯವರ ಮುಖ ನೋಡಬೇಕು. ನನಗೋ ದೂರದ ಗಿಲ್‌ರಾಯ್ ಊರಿನ ಮನೆವರೆಗೆ ಡ್ರೈವ್ ಮಾಡುವುದಿತ್ತು.

"ಸುಮ್ಮನೆ ಫ್ಯಾಷನ್ನು," ಅಂದೆ. ನಮ್ಮಮ್ಮನ ಕಾಲಲ್ಲೂ ಅಂಥದ್ದೇ ಜೋಡಿ ಇದೆ. ಮೈಕಿಗೆ "ಲೋಹದ ಉಂಗುರ, ಒಂದು" ಅಂತ ಹೇಳಿ ಹೊರಟೆ.

ಸೋಮವಾರ ಲ್ಯಾಬಿನ ಕಿಟಕಿಯಲ್ಲಿ ಆಕೆಯ ಗಂಡ ನಿಂತಿದ್ದರು. ಮರಿಸೋಲ್ ಅವರ ಕೈಗೆ ಪುಟ್ಟ ಕವರ್ ಕೊಟ್ಟರು. ನನ್ನ ಮಾತು ನಂಬದೆ ಶುಕ್ರವಾರವೇ ವಾರ್ಡಿಗೆ ಫೋನ್ ಮಾಡಿ ಕೇಳಿ, ಉಂಗುರ ಬಿಡಿಸಿ ತೊಳೆದಿಟ್ಟಿದ್ದರಂತೆ. ನನ್ನ ಬ್ಯಾಡ್ಜಿನ ಮೇಲಿನ ಹೆಸರು ಓದಿ ಆ ಹಿರಿಯರ ಮುಖ ಅರಳಿತು.

"ಕನ್ನಡದಾಕಿ ಏನವಾ? ಅದಕ್ಕ ಗುರುತು ಹಿಡದಿ ನೋಡು! ಬ್ಯಾರೆದವ್ರಾಗಿದ್ರ ಕಸದಾಗ ಒಗೀತಿದ್ರು. ಎಚ್ಚರಾದಾಗಿಂದ ನಮ್ಮಾಕಿ ಇದನ್ನ ಕೇಳಾಕತ್ತಾಳ."

ಅವರು ಕೈಮುಗಿದರು. ನಾನೂ ಮುಗಿದೆ.

ಅವರು ಹೋದಮೇಲೆ ಮರಿಸೋಲ್ ಕೇಳಿದರು, "ಏನಂದರು?"

"ಥ್ಯಾಂಕ್ಸ್ ಅಂದರು," ಅಂದೆ. ಯಾರಿಗೆ ಅನ್ನುವುದನ್ನು ಮಾತ್ರ ಅನುವಾದ ಮಾಡಲಿಲ್ಲ.